ಇಂಪ್ಲಾಂಟ್ ಬೇಕೇ ಬೇಡವೇ: ಜಯನಗರದ ಒಂದು ದಂತ ಚಿಕಿತ್ಸಾಲಯದ ಸಮಾಲೋಚನೆ

ಜಯನಗರ ನಾಲ್ಕನೇ ಬ್ಲಾಕಿನ ಸಮೀಪದ ಈ ಸಣ್ಣ ದಂತ ಚಿಕಿತ್ಸಾಲಯಕ್ಕೆ ನಮ್ಮ ಮನೆಯ ಇಬ್ಬರು ಒಂದೇ ಪ್ರಶ್ನೆಯನ್ನು ಹೊತ್ತು ಹೋಗಿದ್ದೆವು. ಕೆಳದವಡೆಯಲ್ಲಿ ತಲಾ ಒಂದೊಂದು ಹಲ್ಲು ಕಳೆದುಕೊಂಡಿದ್ದ ನನಗೂ ನನ್ನ ತಾಯಿಗೂ ಇಂಪ್ಲಾಂಟ್, ಎಂದರೆ ದವಡೆಯ ಮೂಳೆಯೊಳಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ನಿಲ್ಲಿಸುವ ಕೃತಕ ಹಲ್ಲು, ಸೂಕ್ತವೇ ಎಂಬುದು ಆ ಪ್ರಶ್ನೆ. ವೈದ್ಯರು ನನಗೆ ಮಾಡಬಹುದು ಎಂದರು, ತಾಯಿಗೆ ಬೇಡ ಎಂದರು, ಎರಡಕ್ಕೂ ಕಾರಣಗಳನ್ನು ಸ್ಕ್ಯಾನ್ ಚಿತ್ರವನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿಯೇ ಬಿಡಿಸಿ ಹೇಳಿದರು. ಈ ಊರಿನಲ್ಲಿ ಇಂಪ್ಲಾಂಟ್ ಕೂರಿಸುವವರು ಬಡಾವಣೆಗೊಬ್ಬರಂತೆ ಸಿಗುತ್ತಾರೆ, ಆದರೆ ಕೂರಿಸಬೇಕೇ ಎಂಬುದನ್ನು ಕುಳಿತು ವಿಚಾರಿಸುವವರು ಅಷ್ಟು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ನಾನು ಇಲ್ಲಿ ಹೆಚ್ಚಾಗಿ ಆ ಸಮಾಲೋಚನೆಯ ಬಗ್ಗೆಯೇ ಬರೆಯುತ್ತಿದ್ದೇನೆ. ಇಲ್ಲಿ ನಡೆದ ಕ್ರಮ ಓದುಗರು ತಮ್ಮ ಬಡಾವಣೆಯ ವೈದ್ಯರಲ್ಲಿಯೂ ಕೇಳಿ ಪಡೆಯಬಹುದಾದದ್ದು, ಹಾಗಾಗಿ ಚಿಕಿತ್ಸಾಲಯದ ಹೆಸರನ್ನು ಬರೆದಿಲ್ಲ.

ಇದಕ್ಕೂ ಮೊದಲು ನಗರದ ಇನ್ನೊಂದು ಕಡೆ ತೋರಿಸಿದ್ದೆವು. ಅಲ್ಲಿ ಇಡೀ ದವಡೆಯ ಎಕ್ಸ್‌ರೇ ಒಂದನ್ನು ತೆಗೆದು, ದರಪಟ್ಟಿಯನ್ನು ಕೈಗಿತ್ತು, ಅದೇ ವಾರ ಮುಂಗಡ ಕಟ್ಟಿದರೆ ರಿಯಾಯಿತಿ ಇದೆಯೆಂದು ತಿಳಿಸಿದರು. ತಾಯಿ ಸೇವಿಸುತ್ತಿರುವ ಔಷಧಗಳ ಕುರಿತು ಒಂದು ಮಾತನ್ನೂ ಕೇಳಲಿಲ್ಲ. ಜಯನಗರದಲ್ಲಾದರೋ ಮೊದಲ ದಿನ ಬಾಯಿ ನೋಡುವುದಕ್ಕಿಂತ ಹೆಚ್ಚು ಹೊತ್ತು ಪ್ರಶ್ನೆಗಳಿಗೇ ಹೋಯಿತು. ಒಸಡಿನ ತಜ್ಞೆಯಾದ ವೈದ್ಯರು ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ, ಧೂಮಪಾನ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ತಲೆ ಮತ್ತು ಕುತ್ತಿಗೆಯ ಭಾಗಕ್ಕೆ ಎಂದಾದರೂ ವಿಕಿರಣ ಚಿಕಿತ್ಸೆ ಆಗಿದೆಯೇ ಎಂಬುದು, ಎಲ್ಲವನ್ನೂ ಒಂದೊಂದಾಗಿ ಕೇಳಿ ಬರೆದುಕೊಂಡರು. ಎಲೆ ಅಡಿಕೆ, ಗುಟ್ಕಾ ಕುರಿತ ಪ್ರಶ್ನೆಯೂ ಇತ್ತು. ಅಡಿಕೆ ಜಗಿಯುವ ಕೆಲವರಲ್ಲಿ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ, ಅಂಥವರ ಹಿಂದಿನ ದವಡೆಯವರೆಗೆ ಉಪಕರಣ ತಲುಪಿಸುವುದೇ ಕಷ್ಟವಾಗುತ್ತದೆ ಎಂದು ಅವರು ವಿವರಿಸಿದರು. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಪ್ರಶ್ನೆಯನ್ನು ಯಾವ ದಂತ ವೈದ್ಯರೂ ಬಿಡಬಾರದೆಂದು ನನಗನ್ನಿಸುತ್ತದೆ.

ತಾಯಿಯ ವಿಷಯದಲ್ಲಿ ಎರಡು ಸಂಗತಿಗಳು ಹೊರಬಂದವು. ಮೊದಲನೆಯದು, ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.8 ಬಂದಿತ್ತು. ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ನಿಷಿದ್ಧವಲ್ಲ, ಹತೋಟಿಯಲ್ಲಿದ್ದರೆ ಅನೇಕರಿಗೆ ಚೆನ್ನಾಗಿಯೇ ಆಗುತ್ತದೆ, ಆದರೆ ಹತೋಟಿ ತಪ್ಪಿದ್ದಾಗ ಗಾಯ ಮಾಯುವುದು ನಿಧಾನವಾಗಿ ಸೋಂಕಿನ ಭಯ ಹೆಚ್ಚುತ್ತದೆ ಎಂಬುದು ವೈದ್ಯರ ಮಾತು. ಎರಡನೆಯದು ನಮಗೆ ತೀರ ಅನಿರೀಕ್ಷಿತವಾದದ್ದು. ಮೂಳೆ ಸವೆತಕ್ಕಾಗಿ ತಾಯಿಗೆ ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಜೊಲೆಡ್ರಾನಿಕ್ ಆಮ್ಲ ಕೊಡುತ್ತಾರೆ, ಮಂಡಿನೋವಿನ ವೈದ್ಯರು ಬರೆದ ಔಷಧಕ್ಕೂ ಹಲ್ಲಿಗೂ ಏನು ಸಂಬಂಧವೆಂದು ನಾವು ಯಾರೂ ಯೋಚಿಸಿರಲಿಲ್ಲ. ಈ ಗುಂಪಿನ ಔಷಧಗಳು ಮೂಳೆಯನ್ನು ಕರಗಿಸುವ ಜೀವಕೋಶಗಳ ಕೆಲಸವನ್ನು ತಗ್ಗಿಸುತ್ತವೆ, ಹಾಗೆಯೇ ವರ್ಷಗಟ್ಟಲೆ ಮೂಳೆಯಲ್ಲಿ ಉಳಿಯುತ್ತವೆ. ಹೀಗೆ ಹಳೆಯ ಮೂಳೆ ಹೋಗಿ ಹೊಸದು ಬರುವ ಕ್ರಿಯೆಯೇ ಮಂದವಾಗುವುದರಿಂದ, ದವಡೆಯಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅಪರೂಪಕ್ಕೆ ಮೂಳೆ ಮಾಯದೆ ಒಸಡಿನಿಂದ ಹೊರಗೆ ತೆರೆದುಕೊಂಡೇ ಉಳಿಯುವುದುಂಟು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ದೊಡ್ಡ ಪ್ರಮಾಣಕ್ಕೆ ಹೋಲಿಸಿದರೆ ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಈ ಅಪಾಯ ತೀರ ಕಡಿಮೆ ಎಂಬುದನ್ನೂ ಅವರು ಮರೆಮಾಚಲಿಲ್ಲ, ಸುಮ್ಮನೆ ಹೆದರಿಸಲಿಲ್ಲ. ಆ ಔಷಧವನ್ನು ನಾವಾಗಿಯೇ ನಿಲ್ಲಿಸಕೂಡದೆಂದು ಎರಡು ಬಾರಿ ಹೇಳಿ, ಅದನ್ನು ಬರೆದ ವೈದ್ಯರಿಗೆ ಒಂದು ಪತ್ರವನ್ನೂ ಬರೆದುಕೊಟ್ಟರು.

ಕೊನೆಯ ತೀರ್ಮಾನಕ್ಕೆ ಕಾರಣವಾದದ್ದು ಮಾತ್ರ ಅಕ್ಕಪಕ್ಕದ ಹಲ್ಲುಗಳು. ತಾಯಿಯ ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳಿಗೆ ಹಿಂದೆಯೇ ಬೇರುನಾಳ ಚಿಕಿತ್ಸೆಯಾಗಿ ಕ್ಯಾಪ್ ಕೂತಿತ್ತು, ಅವುಗಳಲ್ಲಿ ಒಂದು ಸಡಿಲವಾಗಿ ಹೇಗೂ ಬದಲಿಸಬೇಕಿತ್ತು. ಆ ಎರಡು ಕ್ಯಾಪುಗಳನ್ನು ತೆಗೆದು ಮೂರು ಹಲ್ಲಿನ ಬ್ರಿಡ್ಜ್, ಎಂದರೆ ಎರಡೂ ಬದಿಯ ಹಲ್ಲುಗಳ ಆಧಾರದಲ್ಲಿ ನಡುವಿನ ಖಾಲಿ ಜಾಗವನ್ನೂ ತುಂಬುವ ಕೂಡಿಸಿದ ಕ್ಯಾಪುಗಳು, ಕೂರಿಸಿದರೆ ಹೊಸದಾಗಿ ಯಾವ ಹಲ್ಲನ್ನೂ ಸವೆಸಬೇಕಿಲ್ಲ, ಮೂಳೆಯನ್ನು ಮುಟ್ಟಬೇಕಿಲ್ಲ, ಖರ್ಚೂ ಕಡಿಮೆ. ಇಂಪ್ಲಾಂಟಿನಿಂದ ಹೆಚ್ಚು ಆದಾಯ ಬರುವಾಗಲೂ ಬ್ರಿಡ್ಜನ್ನು ಸೂಚಿಸಿದ ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ಬಾಯಿಯ ಸ್ಥಿತಿ ಇದಕ್ಕೆ ತಿರುಗುಮುರುಗಾಗಿತ್ತು. ನನ್ನ ಖಾಲಿ ಜಾಗದ ಎರಡೂ ಬದಿಯಲ್ಲಿ ಹುಳುಕಿಲ್ಲದ ಗಟ್ಟಿ ಹಲ್ಲುಗಳಿದ್ದವು, ಬ್ರಿಡ್ಜ್ ಹಾಕಬೇಕೆಂದರೆ ಅವುಗಳ ಗಟ್ಟಿ ಹೊರಪದರವಾದ ಎನಾಮಲ್ ಅನ್ನು ಉಜ್ಜಿ ತೆಗೆಯಬೇಕಿತ್ತು. ಒಮ್ಮೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತೆಗೆದು ಹಾಕುವ ಸೆಟ್ಟು, ಏನೂ ಮಾಡದೆ ಬಿಡುವುದು ಇವೆರಡನ್ನೂ ವೈದ್ಯರು ಆಯ್ಕೆಗಳಾಗಿಯೇ ಮುಂದಿಟ್ಟರು. ಹಾಗೇ ಬಿಟ್ಟರೆ ಮೇಲಿನ ಹಲ್ಲು ಕಾಲಕ್ರಮದಲ್ಲಿ ಕೆಳಗಿಳಿಯಬಹುದು, ಹಿಂದಿನ ಹಲ್ಲು ಖಾಲಿ ಜಾಗದ ಕಡೆಗೆ ವಾಲಬಹುದು, ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲಿಯೇ ಗಣನೀಯವಾಗಿ ಕುಗ್ಗುತ್ತದೆ ಎಂದರು.

ಅನಂತರ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನಿಗೆ ಕಳುಹಿಸಿದರು. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆಯೇ ಹೊರತು ಅಗಲ ಕಾಣುವುದಿಲ್ಲ. ಕೆಳದವಡೆಯೊಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರವೊಂದು ಹಾದುಹೋಗುತ್ತದೆ, ಸ್ಕ್ರೂವಿನ ತುದಿಗೂ ಅದಕ್ಕೂ ನಡುವೆ ಕನಿಷ್ಠ 2 ಮಿಲಿಮೀಟರ್ ಅಂತರ ಇರಬೇಕು, ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದು ಹಾಗೇ ಉಳಿಯಬಹುದು. ನನ್ನಲ್ಲಿ ನರದ ಮೇಲೆ 13 ಮಿಲಿಮೀಟರ್ ಮೂಳೆ ಇದ್ದುದನ್ನು ಪರದೆಯ ಮೇಲೆ ಅಳೆದು ತೋರಿಸಿ, 10 ಮಿಲಿಮೀಟರ್ ಉದ್ದದ ಸ್ಕ್ರೂವನ್ನು ಆರಿಸಿದರು. ಮೇಲ್ದವಡೆಯ ಹಿಂಭಾಗವಾಗಿದ್ದರೆ ನರದ ಬದಲು ಕೆನ್ನೆಯ ಮೂಳೆಯೊಳಗಿನ ಗಾಳಿ ತುಂಬಿದ ಸೈನಸ್ ಕುಹರವನ್ನು ನೋಡಬೇಕಾಗುತ್ತಿತ್ತು, ಅಲ್ಲಿ ಮೂಳೆ ಸಾಲದಿದ್ದರೆ ಸೈನಸ್ ಪದರವನ್ನು ಎತ್ತಿ ಮೂಳೆಪುಡಿ ತುಂಬುವ ಹೆಚ್ಚುವರಿ ಶಸ್ತ್ರಚಿಕಿತ್ಸೆ ಬೇಕಾಗಬಹುದಂತೆ.

ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದಾಗ ಬಂದ ಉತ್ತರವೂ ಅಳತೆಯದ್ದಾಗಿತ್ತು. ಟೈಟಾನಿಯಂ ಲೋಹ ಜೀವಂತ ಮೂಳೆಯೊಡನೆ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಗಮನಿಸಿದವರು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್. 1965ರಲ್ಲಿ ಅವರಿಂದ ಇಂಪ್ಲಾಂಟ್ ಹಾಕಿಸಿಕೊಂಡ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ಎಂದರೆ 40 ವರ್ಷಕ್ಕೂ ಮಿಗಿಲಾಗಿ, ಅದನ್ನು ಬಳಸಿದರು. ಆದರೆ ಅದನ್ನೇ ಎಲ್ಲರಿಗೂ ಖಾತರಿಯೆಂದು ತಿಳಿಯಬಾರದು, ಲೋಹಕ್ಕೆ ಹುಳುಕು ಹಿಡಿಯದಿದ್ದರೂ ಅದರ ಸುತ್ತಲಿನ ಒಸಡಿಗೆ ಸೋಂಕಾಗಿ ಮೂಳೆ ಕರಗಬಹುದು, ಅದು ಬಹಳ ಸಲ ನೋವಿಲ್ಲದೆಯೇ ಮುಂದುವರಿಯುತ್ತದೆ ಎಂದು ವೈದ್ಯರು ಎಚ್ಚರಿಸಿದರು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ತೆಳುವಾದ ತಂತು ಇಂಪ್ಲಾಂಟಿಗೆ ಇರುವುದಿಲ್ಲ, ಆದ್ದರಿಂದ ಎಷ್ಟು ಬಲವಾಗಿ ಕಚ್ಚುತ್ತಿದ್ದೇವೆ ಎಂಬುದು ಅಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ರಾತ್ರಿ ಹಲ್ಲು ಕಡಿಯುವವರು ರಕ್ಷಾಕವಚ ಧರಿಸಬೇಕಾದದ್ದು ಇದೇ ಕಾರಣಕ್ಕೆ.

ಶಸ್ತ್ರಚಿಕಿತ್ಸೆ ಜಾಗ ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ತೊಂದರೆಯಿಲ್ಲದೆ ಮುಗಿಯಿತು. ಒಂದೆರಡು ದಿನ ಊತವಿತ್ತು. ಮೂಳೆ ಬೆಸೆಯಲು ಸುಮಾರು ಮೂರು ತಿಂಗಳು ಬಿಟ್ಟು ಆಮೇಲೆ ಕ್ಯಾಪ್ ಕೂರಿಸಿದರು.

ಹಣದ ವಿಷಯದಲ್ಲಿ ಒಂದು ಅಸಮಾಧಾನವಿದೆ. ಮೊದಲು ಹೇಳಿದ ಮೊತ್ತ ಸ್ಕ್ರೂ ಮತ್ತು ಅದನ್ನು ಕೂರಿಸುವ ಖರ್ಚು ಮಾತ್ರ ಎಂಬುದು, ಸ್ಕ್ರೂವಿಗೂ ಕ್ಯಾಪಿಗೂ ನಡುವೆ ಬರುವ ಜೋಡಣೆ ಮತ್ತು ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಬೇರೆ ಎಂಬುದು ನಾವಾಗಿ ಕೇಳಿದ ಮೇಲೆ ತಿಳಿಯಿತು. ಎಲ್ಲ ಸೇರಿ ಕೊರಿಯಾದ ಕಂಪನಿಯದ್ದಕ್ಕೆ ಮೂವತ್ತು ಸಾವಿರದ ಮೇಲೆ, ಸ್ವಿಟ್ಜರ್ಲೆಂಡಿನದ್ದಕ್ಕೆ ಐವತ್ತು ಸಾವಿರದ ಮೇಲೆ ಹೇಳಿದರು, ನಾನು ಮೊದಲನೆಯದನ್ನು ಆರಿಸಿಕೊಂಡೆ. ಎರಡಕ್ಕೂ ನಡುವಿನ ಅಂತರಕ್ಕಿಂತ ಯೋಜನೆ ಮತ್ತು ಕೈಚಳಕ ದೊಡ್ಡದೆಂಬ ನಂಬಿಕೆ ನನ್ನದು. ಕೂರಿಸಿದ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನು ಕೇಳುವ ಮೊದಲೇ ಕಡತಕ್ಕೆ ಅಂಟಿಸಿ ಕೊಟ್ಟರು. ಮುಂದೊಮ್ಮೆ ಬೇರೆ ಊರಿನ ವೈದ್ಯರು ಸಡಿಲವಾದ ಜೋಡಣೆಯನ್ನು ಬಿಗಿಮಾಡಬೇಕಾದರೂ ಈ ವಿವರ ಬೇಕು, ಪ್ರತಿಯೊಬ್ಬರೂ ಇದನ್ನು ಕೇಳಿ ಪಡೆಯಲೇಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಇಷ್ಟೆಲ್ಲವನ್ನು ಕನ್ನಡದಲ್ಲಿ ವಿವರಿಸಿದ ಚಿಕಿತ್ಸಾಲಯದಲ್ಲಿ ಒಪ್ಪಿಗೆ ಪತ್ರ ಮಾತ್ರ ಸಂಪೂರ್ಣ ಇಂಗ್ಲಿಷಿನಲ್ಲಿದೆ. ಕನ್ನಡವನ್ನು ನಿರಾಯಾಸವಾಗಿ ಓದುವ ನನ್ನ ತಾಯಿ ತಮ್ಮದೇ ಬಾಯಿಯ ಚಿಕಿತ್ಸೆಯ ಕಾಗದಕ್ಕೆ ಓದದೆ ಸಹಿ ಹಾಕಬೇಕಾಯಿತು. ಕನ್ನಡದ ಪ್ರತಿಯೊಂದನ್ನು ಸಿದ್ಧಪಡಿಸುವಂತೆ ಲಿಖಿತವಾಗಿ ಕೇಳಿಕೊಂಡಿದ್ದೇನೆ. ಚಿಕಿತ್ಸಾಲಯ ಎರಡನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿರುವುದೂ ಹಿರಿಯರಿಗೆ ತೊಡಕು.

ಇಷ್ಟು ಖರ್ಚು ಭರಿಸಲಾಗದವರು ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜನ್ನೋ ನಗರದ ಇತರ ದಂತ ಕಾಲೇಜುಗಳನ್ನೋ ವಿಚಾರಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದರಿಂದ ಕಾಲೇಜುಗಳಲ್ಲಿ ಹೆಚ್ಚು ಸಲ ಓಡಾಡಬೇಕಾಗುತ್ತದೆ, ದರ ಮಾತ್ರ ಸಾಮಾನ್ಯವಾಗಿ ಕಡಿಮೆ. ಹಲ್ಲುಗಳನ್ನು ಪೂರ್ತಿ ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದೆ, ಅದರ ಕುರಿತೂ ಕಾಲೇಜಿನಲ್ಲಿಯೇ ಕೇಳುವುದು ಒಳ್ಳೆಯದು.

ಎಲ್ಲಿಯೇ ಆಗಲಿ ಇಂಥ ಸಮಾಲೋಚನೆಗೆ ಹೋಗುವವರು ಮೊದಲೇ ಫೋನ್ ಮಾಡಿ ಬೆಳಗಿನ ಸಮಯ ಪಡೆದುಕೊಳ್ಳುವುದು ಒಳ್ಳೆಯದು, ಜಯನಗರದಲ್ಲಿ ಸಂಜೆ ಕಾಯುವುದು ದೀರ್ಘವಾಗುತ್ತದೆ. ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಗಳನ್ನು, ಮೂಳೆಗಾಗಿ ವರ್ಷಕ್ಕೊಮ್ಮೆ ಪಡೆಯುವ ಚುಚ್ಚುಮದ್ದೂ ಸೇರಿದಂತೆ, ಇತ್ತೀಚಿನ ರಕ್ತಪರೀಕ್ಷೆಯ ವರದಿಯೊಡನೆ ಕೊಂಡೊಯ್ದರೆ ಮೊದಲ ಭೇಟಿಯಲ್ಲಿಯೇ ಹೆಚ್ಚಿನ ಮಾತು ಮುಗಿಯುತ್ತದೆ.