ಸಂಬಳ ಕೊಟ್ಟು ಮಾಡಿಸಿಕೊಂಡ ಬಾಣಂತನ: ನಲವತ್ತು ದಿನಗಳ ಸೇವೆಯ ವಿಮರ್ಶೆ

ನನ್ನ ಮೊದಲ ಹೆರಿಗೆಯ ಬಾಣಂತನವನ್ನು ಅಮ್ಮನೇ ಮಾಡಿದ್ದರು. ಎರಡನೆಯದರ ಹೊತ್ತಿಗೆ ಅವರ ಮಂಡಿ ನೋವು ಹೆಚ್ಚಾಗಿ, ಹಂಡೆಯಿಂದ ನೀರು ತೋಡಿ ಹೊಯ್ಯುವುದು ಅವರಿಂದ ಆಗದೆ ಹೋಯಿತು. ಹೀಗಾಗಿ, ಸಾಗರದ ನಮ್ಮ ಮನೆಗೆ ದಿನವೂ ಬಂದು ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಿ ಹೋಗುವ ಮಹಿಳೆಯೊಬ್ಬರನ್ನು, ಇಂಥವರನ್ನು ಒದಗಿಸುವ ಸಣ್ಣ ಸಂಸ್ಥೆಯೊಂದರ ಮೂಲಕ ಗೊತ್ತುಮಾಡಿಕೊಂಡೆವು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ದಿನಕ್ಕೆ 700 ರೂಪಾಯಿಯಂತೆ 40 ದಿನ. 28,000 ರೂಪಾಯಿ ನಮ್ಮ ಮನೆಗೆ ಸಣ್ಣ ಮೊತ್ತವಲ್ಲ. ಆ ಹಣಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದು ಇಂಥ ಸೇವೆ ಹುಡುಕುತ್ತಿರುವ ಹೆಣ್ಣುಮಕ್ಕಳಿಗೆ ತಿಳಿಯಲಿ ಎಂದು ಇಲ್ಲಿ ವಿವರವಾಗಿ ಬರೆದಿದ್ದೇನೆ.

ನಾನು ಅಕ್ಕ ಎಂದೇ ಕರೆಯುತ್ತಿದ್ದ ಆ ಮಹಿಳೆಗೆ ಐವತ್ತೈದರ ಆಸುಪಾಸಿನ ವಯಸ್ಸು. ಮೊದಲ ದಿನ ಅವರು ಎಣ್ಣೆ ಬಟ್ಟಲು ಮುಟ್ಟುವ ಮೊದಲು ಕೇಳಿದ ಪ್ರಶ್ನೆ, "ಹೊಲಿಗೆ ಹೇಗಿದೆ ತಾಯಿ, ಡಾಕ್ಟರು ನೀರು ಹಾಕಲು ಹೇಳಿದ್ದಾರೆಯೇ?" ಎಂದು. ನನ್ನದು ಸಿಸೇರಿಯನ್ ಹೆರಿಗೆ. ಗಾಯ ಒಣಗಿದೆ ಎಂದು ವೈದ್ಯರು ಹೇಳುವವರೆಗೆ ಹೊಟ್ಟೆಯ ಭಾಗವನ್ನು ಬಿಟ್ಟು ಮೈ ಒರೆಸಿದರೇ ಹೊರತು, ಕುದಿಯುವ ನೀರನ್ನು ಚೆಂಬಿನಿಂದ ಬಾರಿಸಿದಂತೆ ಹೊಯ್ಯುವ ಹಳೆಯ ಪದ್ಧತಿಗೆ ಅವರು ಕೈಹಾಕಲಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟುವಾಗಲೂ ಉಸಿರಾಡಲು ಕಷ್ಟವಾಗುತ್ತಿದೆಯೇ ಎಂದು ಕೇಳಿ ಕೇಳಿ ಗಂಟು ಹಾಕುತ್ತಿದ್ದರು. ಎಷ್ಟೋ ಸಾವಿರ ರೂಪಾಯಿ ಕೊಟ್ಟರೂ ಸಿಗದ ವಿವೇಕ ಅದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನೀರಿನ ವಿಷಯವನ್ನು ಇಲ್ಲಿ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕಾಗಿದೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆಯಿಂದ ಬಾಯಾರಿದರೂ ಒಂದೆರಡು ಗುಟುಕು ಮಾತ್ರ ಕೊಡುವ ರೂಢಿಯಿದೆ. ಮೊದಲ ಬಾಣಂತನದಲ್ಲಿ ನಾನು ಮಗುವಿಗೆ ಹಾಲು ಕುಡಿಸುತ್ತ, ಒಣಗಿದ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ಕುಳಿತಿದ್ದ ರಾತ್ರಿಗಳು ಇನ್ನೂ ನೆನಪಿವೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವಾಗ, ಹಾಲೂಡಿಸುವ ತಾಯಿಗೆ ನೀರು ಅಳೆದು ಕೊಡುವುದಕ್ಕೆ ಯಾವ ಆಧಾರವೂ ಇಲ್ಲ. ಅಕ್ಕ ಬಂದ ಕೂಡಲೇ ಜೀರಿಗೆ ಹಾಕಿ ಕುದಿಸಿದ ನೀರನ್ನು ಎರಡು ಲೀಟರಿನ ಫ್ಲಾಸ್ಕಿಗೆ ತುಂಬಿ ಹಾಸಿಗೆಯ ಪಕ್ಕದಲ್ಲಿಡುತ್ತಿದ್ದರು. ಹೋಗುವಾಗ ಅದನ್ನು ಎತ್ತಿ ಅಲ್ಲಾಡಿಸಿ, ಉಳಿದಿದ್ದರೆ ಗದರುತ್ತಿದ್ದರು. ನೀರು ಕೊಡುವುದನ್ನು ಅತ್ತೆಯವರು ಒಪ್ಪುವಂತೆ ಮಾಡಿದ್ದೂ ಅವರೇ. ನಾನು ಹೇಳಿದ್ದರೆ ವಾದವಾಗುತ್ತಿದ್ದ ಮಾತು, ನೂರಾರು ಬಾಣಂತನ ಮಾಡಿದವರ ಬಾಯಿಂದ ಬಂದಾಗ ಸಲಹೆಯಾಯಿತು.

ಊಟದಲ್ಲಿಯೂ ಹಾಗೆಯೇ. ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪ, ಅಂಟಿನುಂಡೆ ಎಲ್ಲವೂ ಇದ್ದವು, ಅವುಗಳನ್ನು ನಾನು ಇಷ್ಟಪಟ್ಟೇ ತಿಂದೆ. ಆದರೆ ಸೊಪ್ಪು ವಾಯು, ಬೇಳೆ ನಂಜು, ಹಣ್ಣು ಶೀತ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆಯುತ್ತ ಹೋಗುವ ಪಥ್ಯವನ್ನು ಅವರು ಬೆಂಬಲಿಸಲಿಲ್ಲ. ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಆಹಾರ ಬೇಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಶಿಫಾರಸು. ಅನ್ನ ಮತ್ತು ಸಾರಿನಿಂದಲೇ ಅದು ತುಂಬುವುದಿಲ್ಲ. ಅವರು ತಪ್ಪಿದ ಒಂದು ಸಂಗತಿಯೂ ಇದೆ: ಕಬ್ಬಿಣದ ಮಾತ್ರೆಯನ್ನು ಹಾಲಿನೊಂದಿಗೆ ಕೊಡುತ್ತಿದ್ದರು. ಹಾಲು, ಕಾಫಿ, ಚಹಾಗಳೊಂದಿಗೆ ತೆಗೆದುಕೊಂಡರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು ತಿಳಿಸಿ, ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ಹಾಕಿಕೊಟ್ಟವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಹೆರಿಗೆಯ ನಂತರ 180 ದಿನ ಆ ಮಾತ್ರೆ ಬಿಡಬಾರದು ಎಂದು ಅವರು ತಾಯಿ ಕಾರ್ಡಿನ ಹಿಂದೆ ಬರೆದೂ ಹೋದರು.

ಆಶಾ ಕಾರ್ಯಕರ್ತೆಯ ಭೇಟಿಗೆ ನಾವು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಬಂದು ಮಗುವಿನ ತೂಕ, ತಾಯಿಯ ಜ್ವರ, ರಕ್ತಸ್ರಾವಗಳನ್ನು ನೋಡುವುದು ಅವರ ಕೆಲಸದ ಭಾಗ. ಸಂಬಳ ಕೊಟ್ಟು ಆಳನ್ನು ಇಟ್ಟುಕೊಂಡ ಮನೆಯವರು ಆಶಾ ಬಂದಾಗ "ನಮಗೆ ಬೇಕಾಗಿಲ್ಲ" ಎಂದು ಬಾಗಿಲಲ್ಲೇ ಕಳಿಸುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಬ್ಬರ ಕೆಲಸವೂ ಬೇರೆ ಬೇರೆ. ನನ್ನ ಬಾಣಂತನ ಸುಸೂತ್ರವಾಗಿ ನಡೆದದ್ದು ಇಬ್ಬರೂ ಇದ್ದುದರಿಂದ.

ಮಗುವಿನ ಸ್ನಾನ ಚೆನ್ನಾಗಿ ನಡೆಯಿತು. ಕೊಬ್ಬರಿ ಎಣ್ಣೆ, ಹಗುರವಾದ ಕೈ, ಮೊಣಕೈಯಿಂದ ನೀರಿನ ಬಿಸಿ ನೋಡುವ ಅಭ್ಯಾಸ, ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡುವ ಎಚ್ಚರ. ಸಾಂಬ್ರಾಣಿ ಹೊಗೆಯ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಬೇಡವೆನ್ನಬೇಕಾಯಿತು, ಏಕೆಂದರೆ ಮುಚ್ಚಿದ ಕೋಣೆಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎರಡು ದಿನ ಬೇಸರ ಮಾಡಿಕೊಂಡರು, ಮೂರನೆಯ ದಿನ ಕೆಂಡದ ಬಟ್ಟಲನ್ನು ತಾವೇ ಹಿತ್ತಲಿಗೆ ಇಟ್ಟರು.

ನನ್ನ ನಿಜವಾದ ದೂರು ಸಂಸ್ಥೆಯ ಮೇಲೆ. ಅಕ್ಕನಿಗೆ ಮನೆಯಲ್ಲಿ ತೊಂದರೆಯಾಗಿ ನಾಲ್ಕು ದಿನ ಬರಲಾಗದಿದ್ದಾಗ, ನಮಗೆ ಒಂದು ಮಾತೂ ತಿಳಿಸದೆ ಬೇರೊಬ್ಬರನ್ನು ಕಳಿಸಿದರು. ಬಂದವರು ಮಗುವಿನ ಮೂಗಿಗೆ ಎಣ್ಣೆ ಬಿಟ್ಟು ಊದಲು ಹೋದರು. ಎದೆಯ ಭಾಗ ಉಬ್ಬಿದೆ ಎಂದು ಅದನ್ನು ಹಿಂಡಲು ಕೈಹಾಕಿದಾಗ ನಾನು ಮಗುವನ್ನು ಕಸಿದುಕೊಂಡೆ. ತಾಯಿಯ ಹಾರ್ಮೋನುಗಳ ಪ್ರಭಾವದಿಂದ ನವಜಾತ ಶಿಶುವಿನ ಎದೆ ಉಬ್ಬುವುದು ಸಹಜ, ಅದು ತಾನಾಗಿಯೇ ಇಳಿಯುತ್ತದೆ. ಹಿಂಡಿದರೆ ಕೀವಾಗುವ ಅಪಾಯವಿದೆ. ಯಾರಿಗೆ ಏನು ಕಲಿಸಿದ್ದೀರಿ ಎಂದು ಫೋನಿನಲ್ಲಿ ಕೇಳಿದಾಗ, "ಎಲ್ಲರೂ ಅನುಭವಸ್ಥರೇ ಮೇಡಂ" ಎಂಬುದಷ್ಟೇ ಉತ್ತರ. ಇಷ್ಟು ಹಣ ಪಡೆಯುವವರು ತಾವು ಕಳಿಸುವವರಿಗೆ ಕನಿಷ್ಠ ಕೆಲವು ದಿನಗಳ ತರಬೇತಿಯನ್ನಾದರೂ ಕೊಡಿಸಲೇಬೇಕು.

ಇಪ್ಪತ್ತನೆಯ ದಿನದ ಸುಮಾರಿಗೆ ನನಗೆ ಚಳಿಜ್ವರ ಬಂದು, ಎಡ ಎದೆ ಕೆಂಪಾಗಿ ಕಲ್ಲಿನಂತಾಯಿತು. ಮನೆಯಲ್ಲಿ ನಂಜು, ದೃಷ್ಟಿ ಎಂಬ ಮಾತುಗಳು ಶುರುವಾಗಿದ್ದವು. ಅಷ್ಟರಲ್ಲಿ ಮರಳಿ ಬಂದಿದ್ದ ಅಕ್ಕ ಮುಟ್ಟಿ ನೋಡಿ, ಕಷಾಯ ಮಾಡಲು ಹೋಗದೆ, ಅಂದೇ ಆಸ್ಪತ್ರೆಗೆ ಹೊರಡಿಸಿದರು. ಎದೆಯ ಸೋಂಕು ಎಂದು ವೈದ್ಯರು ಔಷಧ ಕೊಟ್ಟರು, ಆ ಕಡೆಯಿಂದಲೂ ಹಾಲೂಡಿಸುವುದನ್ನು ನಿಲ್ಲಿಸಬಾರದೆಂದರು. ಜ್ವರ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಒಂದೇ ಕಾಲಿನ ಊತ, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಇವು ಯಾವುವೂ ಮನೆಮದ್ದಿಗೆ ಕಾಯುವಂಥವಲ್ಲ ಎಂಬ ಅರಿವು ಇರುವವರೇ ಬಾಣಂತಿಯ ಬಳಿ ಇರಬೇಕು.

ಹಣಕ್ಕೆ ಸಿಕ್ಕ ಅತಿ ದೊಡ್ಡ ಬೆಲೆಯೆಂದರೆ ನಿದ್ದೆ. ಸ್ನಾನ ಮುಗಿಸಿ ಒಂಬತ್ತಕ್ಕೆ ಮಲಗಿದರೆ, ಹನ್ನೊಂದರವರೆಗೆ ಮಗು ಅಕ್ಕನ ತೊಡೆಯ ಮೇಲೆ. ಬಾಗಿಲು ಹಾಕಿರುತ್ತಿತ್ತು, ನೋಡಲು ಬಂದ ನೆಂಟರನ್ನು ಜಗುಲಿಯಲ್ಲೇ ಕೂರಿಸುತ್ತಿದ್ದರು. ಮೊದಲ ಬಾಣಂತನದಲ್ಲಿ ನಾನು ಕಾರಣವಿಲ್ಲದೆ ವಾರಗಟ್ಟಲೆ ಅತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಬಾಣಂತಿ ಸನ್ನಿ ಎಂಬ ಮಾತು ನಮ್ಮಲ್ಲಿ ಎಂದಿನಿಂದಲೋ ಇದೆ, ಆದರೆ ಆ ಹೆಸರು ತಮಗೆ ಅಂಟೀತು ಎಂಬ ಭಯದಿಂದಲೇ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಹೆರಿಗೆಯಾದ ಎರಡು ವಾರಗಳ ನಂತರವೂ ಅಳು, ಕಳವಳ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು ಮುಂದುವರಿದರೆ ವೈದ್ಯರಿಗೆ ಹೇಳಲೇಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಜೊತೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವಿದೆ. ಅಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ. ಆದರೆ ದಿನವೂ ತಲೆಗೆ ಎಣ್ಣೆ ತಟ್ಟುತ್ತ, "ರಾತ್ರಿ ಅತ್ತೆಯಾ ತಾಯಿ?" ಎಂದು ಕೇಳುತ್ತಿದ್ದರು. ಒಂದು ದಿನ ಹೌದು ಎಂದೆ.

ಗೊತ್ತುಮಾಡಿಕೊಳ್ಳುವವರು ಏಳನೆಯ ತಿಂಗಳಲ್ಲಿಯೇ ಮಾತನಾಡಿಟ್ಟುಕೊಳ್ಳುವುದು ಒಳ್ಳೆಯದು, ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಕೆಲಸದವರು ಸಿಗುವುದು ಕಷ್ಟ. ಬರುವವರನ್ನು ಹೆರಿಗೆಗೆ ಮೊದಲೇ ಒಮ್ಮೆ ಮನೆಗೆ ಕರೆಸಿ, ಬಾಣಂತಿಗೆ ನೀರು ಕೊಡುತ್ತೀರಾ ಎಂದು ಕೇಳಿ ನೋಡಿ. ಬದಲಿ ಜನ ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನಾನು ಈಗ ಸಂಸ್ಥೆಯ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಕೇಳಿದವರಿಗೆಲ್ಲ, ಅಕ್ಕನ ಒಪ್ಪಿಗೆ ಪಡೆದು, ಅವರ ಫೋನ್ ನಂಬರನ್ನೇ ಕೊಡುತ್ತಿದ್ದೇನೆ.