ಆಮೆಗೆ ಹಾಕಿದ ಯುವಿಬಿ ಟ್ಯೂಬ್: 11 ತಿಂಗಳು ಬಳಸಿದ ಮೇಲೆ

ನಮ್ಮ ಚಿನ್ನಿ ನೀರಾಮೆ. ಕಿವಿಯ ಹತ್ತಿರ ಕೆಂಪು ಪಟ್ಟೆ ಇರುತ್ತಲ್ಲ, ಆ ರೆಡ್ ಇಯರ್ಡ್ ಸ್ಲೈಡರ್. ವಯಸ್ಸು 4, ಚಿಪ್ಪಿನ ಉದ್ದ 16 ಸೆಂಟಿಮೀಟರ್. ಅವಳಿಗೆ ಅಂತ ತಂದ ಸಾಮಾನು ಬೇಕಾದಷ್ಟಿದೆ, ಆದರೆ ಬರೆಯಲೇಬೇಕು ಅನಿಸಿದ್ದು ಈ ಒಂದು ಟ್ಯೂಬ್‌ ಬಗ್ಗೆ. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ. ಇದು ತೆಳ್ಳನೆಯ ಟಿ5 ಯುವಿಬಿ ಟ್ಯೂಬ್, 24 ವ್ಯಾಟ್, ಉದ್ದ 55 ಸೆಂಟಿಮೀಟರ್, ಮೈಮೇಲೆ 10.0 ಅನ್ನೋ ಗುರುತು (ಯುವಿಬಿ ಎಷ್ಟು ಜೋರು ಅನ್ನೋದನ್ನು ಹೇಳುವ ಅಂಕಿ). ಜೊತೆಗೆ ರಿಫ್ಲೆಕ್ಟರ್ ಇರುವ ಪಟ್ಟಿ ಬರುತ್ತದೆ.

ಇದಕ್ಕೆ ಮುಂಚೆ ಸುರುಳಿ ಆಕಾರದ ಚಿಕ್ಕ ಯುವಿಬಿ ಬಲ್ಬ್ ಇತ್ತು. ಅದನ್ನು ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಇಟ್ಟಿದ್ದೆ. ಒಂದೂವರೆ ವರ್ಷ ಚೆನ್ನಾಗಿ ಉರಿಯಿತು. ಬೆಳಕು ಬರುತ್ತಿದೆ, ಸಾಕು ಅಂದುಕೊಂಡಿದ್ದೆ. ಒಂದು ದಿನ ನೀರು ಬದಲಿಸಲು ಅವಳನ್ನು ಎತ್ತಿಕೊಂಡೆ. ಚಿಪ್ಪಿನ ಹಿಂದಿನ ಅಂಚು ನನ್ನ ಹೆಬ್ಬೆರಳ ಕೆಳಗೆ ಮೆಲ್ಲಗೆ ಬಾಗಿತು, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತಿದ ಹಾಗೆ. ಎದೆ ಧಸಕ್ಕೆಂದಿತು. ಅವತ್ತೇ ವೈದ್ಯರ ಹತ್ತಿರ ಓಡಿದೆ.

ಎಕ್ಸ್‌ರೇ ನೋಡಿ ಅವರು ಮೊದಲು ಕೇಳಿದ್ದೇ ಲೈಟಿನ ಬಗ್ಗೆ. ಗಾಜಿನ ಮುಚ್ಚಳ ಅಂದ ಕೂಡಲೇ ತಲೆಯಾಡಿಸಿದರು. ಗಾಜು ಯುವಿಬಿಯನ್ನು ಕೆಳಗೆ ಬಿಡುವುದಿಲ್ಲ. ಚರ್ಮಕ್ಕೆ ಯುವಿಬಿ ಬಿದ್ದರೆ ಆಮೆಯ ಮೈಯಲ್ಲಿ ವಿಟಮಿನ್ ಡಿ3 ಆಗುತ್ತದೆ. ಅದು ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ನಾನು ಕ್ಯಾಲ್ಸಿಯಂಗೆ ಅಂತ ತಪ್ಪದೆ ಕಟಲ್‌ಬೋನ್ (ಕಟಲ್‌ಫಿಶ್‌ನ ಒಳಚಿಪ್ಪು) ಹಾಕುತ್ತಿದ್ದೆ, ಅವಳು ಕಡಿಯುತ್ತಲೂ ಇದ್ದಳು. ಅಷ್ಟಾದರೂ ಚಿಪ್ಪು ಮೆತ್ತಗಾಗಿತ್ತು. ಕಿಟಕಿಯ ಗಾಜಿನಿಂದ ಬರುವ ಬಿಸಿಲಿಗೂ ಇದೇ ಕಥೆ, ಶಾಖ ಮಾತ್ರ ಸಿಗುತ್ತದೆ.

ಈ ಟ್ಯೂಬನ್ನು ಅವಳು ಬಿಸಿಲು ಕಾಯುವ ಕಟ್ಟೆಯ ಮೇಲೆ, ಬೆನ್ನಿನಿಂದ 35 ಸೆಂಟಿಮೀಟರ್ ಎತ್ತರಕ್ಕೆ ತೂಗುಹಾಕಿದೆ. ಗೆಳೆಯರೊಬ್ಬರ ಹತ್ತಿರ ಯುವಿ ಇಂಡೆಕ್ಸ್, ಅಂದರೆ ನೇರಳಾತೀತ ಕಿರಣದ ತೀವ್ರತೆ ಅಳೆಯುವ ಮೀಟರ್ ಇತ್ತು, ಒಂದು ದಿನಕ್ಕೆ ಇಸ್ಕೊಂಡೆ. ಕಟ್ಟೆಯ ಮೇಲೆ 3.6 ತೋರಿಸಿತು. ನಡುವೆ ಲೋಹದ ಜಾಲರಿ ಇಟ್ಟರೆ 2.4. ಹಳೇ ಗಾಜಿನ ಮುಚ್ಚಳ ಇಟ್ಟು ನೋಡಿದೆ: 0.0. ಆ ಸೊನ್ನೆಯನ್ನು ಸುಮಾರು ಹೊತ್ತು ನೋಡುತ್ತಾ ನಿಂತಿದ್ದೆ. ಒಂದೂವರೆ ವರ್ಷ ಅವಳಿಗೆ ಸಿಕ್ಕಿದ್ದು ಅಷ್ಟೇ ಅಲ್ವಾ?

ಮೊದಲ ಎರಡು ದಿನ ಚಿನ್ನಿ ಕಟ್ಟೆ ಹತ್ತಲಿಲ್ಲ. ಮೂರನೇ ದಿನ ಹತ್ತಿದವಳು ಮಧ್ಯಾಹ್ನದವರೆಗೆ ಇಳಿಯಲಿಲ್ಲ. ಕತ್ತು ಪೂರ್ತಿ ಹೊರಗೆ ಚಾಚಿ, ಹಿಂಗಾಲು ಎರಡನ್ನೂ ಹಿಂದಕ್ಕೆ ನೀಡಿ, ಬೆರಳುಗಳ ನಡುವಿನ ತೆಳು ಚರ್ಮ ಬಿಚ್ಚಿಕೊಳ್ಳುವ ಹಾಗೆ ಪಾದ ಅಗಲಿಸಿ ಮಲಗಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ಆಮೇಲೆ ಚಿಪ್ಪಿನ ಹಳೇ ಪದರ ತೆಳ್ಳಗೆ ಹಾಳೆಹಾಳೆಯಾಗಿ ಕಳಚಿ ನೀರಲ್ಲಿ ತೇಲತೊಡಗಿತು. ಐದು ತಿಂಗಳಿಗೆ ಅಂಚು ಗಟ್ಟಿಯಾಯಿತು. ಎಲ್ಲಾ ಟ್ಯೂಬಿನಿಂದಲೇ ಅನ್ನಲಾರೆ. ವೈದ್ಯರು ಕೊಟ್ಟ ಕ್ಯಾಲ್ಸಿಯಂ ಇಂಜೆಕ್ಷನ್ನೂ ಇತ್ತು, ಬರೀ ಒಣ ಸಿಗಡಿ ತಿನ್ನಿಸೋದನ್ನು ನಿಲ್ಲಿಸಿ ಪೆಲೆಟ್ (ಆಮೆಗಳ ಗುಳಿಗೆಯಂಥ ಆಹಾರ), ಸೊಪ್ಪಿಗೆ ಬಂದಿದ್ದೂ ಇತ್ತು.

ಕೊರತೆಗಳೂ ಇವೆ. ಮೊದಲನೆಯದು, ಇದರಿಂದ ಕಟ್ಟೆ ಬಿಸಿಯಾಗುವುದಿಲ್ಲ. ಮೈ ಕಾಯಿಸಲು ಬೇರೆ ಹ್ಯಾಲೊಜನ್ ಬಲ್ಬ್ ಬೇಕೇ ಬೇಕು. ನಾನು ಎರಡನ್ನೂ ಪಕ್ಕಪಕ್ಕ ಹಾಕಿ, ಕಟ್ಟೆಯ ಮೇಲೆ 32 ಡಿಗ್ರಿ ಸೆಲ್ಸಿಯಸ್ ಇರೋ ಹಾಗೆ ನೋಡಿಕೊಂಡಿದ್ದೇನೆ. ಪಟ್ಟಿಯ ವೈರ್ ತುಂಬಾ ಗಿಡ್ಡ. ಟ್ಯೂಬಿನ ಎರಡು ತುದಿಯ ಮುಚ್ಚಳಕ್ಕೆ ನೀರು ತಡೆಯುವ ಶಕ್ತಿ ಇಲ್ಲ, ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ವಿಷಯ. ಆಮೆ ಧುಮುಕಿದರೆ ನೀರು ಎಲ್ಲಿಗೆ ಹಾರುತ್ತೆ ಅಂತ ಸಾಕಿದವರಿಗೆಲ್ಲ ಗೊತ್ತು. ಅದಕ್ಕೇ ಕಟ್ಟೆಯನ್ನು ತೊಟ್ಟಿಯ ಮೂಲೆಗೆ ಸರಿಸಿದೆ. ಹನಿ ಬಿದ್ದರೂ ಪ್ಲಗ್‌ ಕಡೆ ಹರಿಯದ ಹಾಗೆ ವೈರನ್ನು ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದಿದ್ದೇನೆ.

ತೊಟ್ಟಿ ಕುಳ್ಳಗಿದ್ದು ಟ್ಯೂಬ್ ಆಮೆಯ ಬೆನ್ನಿಗೆ 20 ಸೆಂಟಿಮೀಟರ್ ಹತ್ತಿರ ಬರುವಂತಿದ್ದರೆ 10.0 ಬೇಡ. ಅಷ್ಟು ಹತ್ತಿರದಿಂದ ಕಣ್ಣಿಗೂ ಚರ್ಮಕ್ಕೂ ಜಾಸ್ತಿಯಾಗುತ್ತದೆ, 5.0 ತಗೊಳ್ಳಿ. ನೆರಳಿಗೆ ಸರಿಯಲು ಜಾಗವೂ ಇರಲಿ. ನಾನು ಟೈಮರ್ ಹಾಕಿ ದಿನಕ್ಕೆ 12 ಗಂಟೆ ಉರಿಸುತ್ತೇನೆ.

ಹತ್ತನೇ ತಿಂಗಳಲ್ಲಿ ಮತ್ತೆ ಮೀಟರ್ ಇಸ್ಕೊಂಡು ಅಳೆದೆ. ಅದೇ ಎತ್ತರ, ಅದೇ ಜಾಗ, 2.7. ಕಣ್ಣಿಗೆ ಬೆಳಕು ಹೊಸದರಷ್ಟೇ ಇದೆ, ಚೂರೂ ಮಂಕಾಗಿಲ್ಲ. ಮೀಟರ್ ಇಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ, ಆಗ ಬದಲಿಸುತ್ತೇನೆ. ಇದೇ ಟ್ಯೂಬ್ ಇನ್ನೊಂದು ತಂದಿಟ್ಟಾಗಿದೆ, ಹಾಕುವ ದಿನ ತುದಿಯಲ್ಲಿ ಮಾರ್ಕರ್‌ನಿಂದ ತಾರೀಖು ಬರೆಯುತ್ತೇನೆ.