ಬದು, ಹೊಂಡ, ಸ್ಪ್ರಿಂಕ್ಲರ್: ನಮ್ಮ ಹೊಲದಲ್ಲಿ ಯಾವುದು ಕೈ ಹಿಡಿಯಿತು?

ನಮ್ಮದು ಹಿರಿಯೂರು ತಾಲ್ಲೂಕು. ಅಣ್ಣನದೂ ನನ್ನದೂ ಸೇರಿ ಆರೆಕರೆ ಕೆಂಪು ಮಣ್ಣು, ಇಳಿಜಾರು ಹೊಲ. ಶೇಂಗಾ ಹಾಕಿ ನಡುವೆ ತೊಗರಿ ಸಾಲು ಬಿಡುತ್ತೇವೆ. ವಾಣಿ ವಿಲಾಸ ಸಾಗರ ನಮ್ಮ ತಾಲ್ಲೂಕಿನದೇ, ಆದರೆ ಅದರ ಕಾಲುವೆ ನಮ್ಮ ಕಡೆ ಬರುವುದಿಲ್ಲ. 2022ರಲ್ಲಿ ಡ್ಯಾಮು 89 ವರ್ಷದ ಮೇಲೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. ನಾನು ಹೊಲದಲ್ಲಿ ನಿಂತು ಹಳ್ಳಕ್ಕೆ ಹರಿದು ಹೋಗುತ್ತಿದ್ದ ಕೆಂಪು ನೀರು ನೋಡುತ್ತಿದ್ದೆ. ಮರುವರ್ಷ ಬರ.

ಒಂದು ವರ್ಷ ಅತಿ, ಇನ್ನೊಂದು ವರ್ಷ ಏನೂ ಇಲ್ಲ. ಹಾಗಾಗಿ ನಾವು ಬಳಸಿದ ಸರ್ಕಾರಿ ಯೋಜನೆಗಳಿಗೆ ಒಳ್ಳೇ ಪರೀಕ್ಷೆಯೇ ಆಯಿತು.

ಮೊದಲು ಬಂದದ್ದು ಸ್ಪ್ರಿಂಕ್ಲರ್. 'ಹನಿ ನೀರು, ಹೆಚ್ಚು ಬೆಳೆ' ಅನ್ನುತ್ತಾರಲ್ಲ, ಆ ಯೋಜನೆಯದು. ನಮ್ಮ ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ 90 ಸಹಾಯಧನ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಅಲೆದದ್ದು ಬಿಟ್ಟರೆ ಬೇರೆ ಕಷ್ಟ ಇರಲಿಲ್ಲ. ಪೈಪು ಕೊಟ್ಟವರು ಹಾಕಿದ ವಾಷರ್ ಮಾತ್ರ ಮೊದಲ ತಿಂಗಳಲ್ಲೇ ಸೋರಿದವು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಅಣ್ಣನ ಬೋರಿನಲ್ಲಿ ಮೊದಲು ಒಂದೆಕರೆ ನೆನೆಯುತ್ತಿತ್ತು. ಪೈಪು ಬಂದ ಮೇಲೆ ಅದೇ ನೀರಿಗೆ ಎರಡೆಕರೆ ಆಯಿತು. ಖುಷಿಯೇ ಬಿಡಿ. ಆದರೆ ಮೋಟಾರ್ ಓಡುವ ಹೊತ್ತು ಕಡಿಮೆ ಆಯಿತಾ? ಇಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ಓಡಿತು. ಉಳಿಸಿದ ನೀರನ್ನೆಲ್ಲ ನಾವೇ ಬಿತ್ತಿಕೊಂಡೆವು, ನೆಲದೊಳಗೆ ಒಂದು ಕೊಡವೂ ಉಳಿಯಲಿಲ್ಲ. 2023ರಲ್ಲಿ ಬೋರು ಗಾಳಿ ಉಗುಳಿತು. ಪೈಪುಗಳನ್ನು ಕಟ್ಟಿ ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆವು.

ಹೊಂಡದ್ದು ದೊಡ್ಡ ಕಥೆ. ನಮ್ಮಲ್ಲಿ ಎರಡಿವೆ. ಒಂದು ಉದ್ಯೋಗ ಖಾತ್ರಿಯಲ್ಲಿ ತೋಡಿದ್ದು, ತಳಕ್ಕೆ ಪ್ಲಾಸ್ಟಿಕ್ ಶೀಟ್ ಇಲ್ಲ. ಕಪ್ಪು ಮಣ್ಣಾಗಿದ್ದರೆ ನೀರು ನಿಲ್ಲುತ್ತಿತ್ತೇನೋ. ನಮ್ಮ ಮಣ್ಣಿನಲ್ಲಿ ತುಂಬಿದ ನೀರು ವಾರಕ್ಕೇ ಇಂಗಿ ಹೋಗುತ್ತದೆ. ಇಂಗಿದರೆ ಬೋರಿಗಾದರೂ ಆಗಲಿ ಅಂತ ಸುಮ್ಮನಿದ್ದೆವು. 2022ರ ಮಳೆಯಲ್ಲಿ ಅದರೊಳಗೆ ಮೊಣಕಾಲುದ್ದ ಹೂಳು ಬಂತು. ಹೂಳು ಅಂದರೆ ಏನು? ನಮ್ಮದೇ ಹೊಲದ ಮೇಲ್ಮಣ್ಣು, ನಾವೇ ಹಾಕಿದ ಗೊಬ್ಬರ.

ಇನ್ನೊಂದು ಅಣ್ಣನ ಪಹಣಿಯಲ್ಲಿ, ಕೃಷಿ ಭಾಗ್ಯದ್ದು. 2014ರಲ್ಲಿ ಶುರುವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಬಂದ ಯೋಜನೆ. ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಶೀಟ್, ತಂತಿ ಬೇಲಿ, ಪಂಪು ಎಲ್ಲ ಅದೇ ಯೋಜನೆಯಲ್ಲಿ ಬರುತ್ತವೆ. ಬೇಲಿ ಬೇಡ ಅನ್ನಬೇಡಿ. ಶೀಟಿನ ಮೇಲೆ ಕಾಲು ಜಾರಿದರೆ ಈಜು ಬರುವವನಿಗೂ ಮೇಲೆ ಹತ್ತಲು ಆಗುವುದಿಲ್ಲ. ನಾವು ಒಳಕ್ಕೆ ಒಂದು ಗಂಟು ಹಾಕಿದ ಹಗ್ಗವನ್ನೂ ಇಳಿಬಿಟ್ಟಿದ್ದೇವೆ.

ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕಂದ್ರೆ ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. 10 ಮೀಟರ್ ಉದ್ದ, 10 ಅಗಲ, 3 ಆಳ ಅಂದ ತಕ್ಷಣ ಮೂರು ಲಕ್ಷ ಲೀಟರ್ ಅಂದುಕೊಳ್ಳುತ್ತೇವೆ. ಆದರೆ ಗೋಡೆ ನೆಟ್ಟಗೆ ಇರುವುದಿಲ್ಲ. ಮಣ್ಣು ಕುಸಿಯಬಾರದು ಅಂತ ಓರೆಯಾಗಿ ಇಳಿಸುತ್ತಾರೆ. ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಕ್ಕೆ ಬಂದರೆ, ತಳದಲ್ಲಿ ಉಳಿಯುವುದು 4 ಮೀಟರ್ ಉದ್ದ, 4 ಅಗಲ. ಒಟ್ಟು ಒಂದೂವರೆ ಲಕ್ಷ ಲೀಟರ್ ಚಿಲ್ಲರೆ. ಒಂದೆಕರೆಗೆ ಒಂದೂವರೆ ಇಂಚು ಮಳೆ ಬಿದ್ದಷ್ಟು. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆರಿದರೂ 500 ಲೀಟರ್ ಹೋಯಿತು.

ಹಾಗಂತ ಕಡಿಮೆ ಅನ್ನಲಾರೆ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ, ಅಟ್ಟದ ಮೇಲಿದ್ದ ಪೈಪು ಇಳಿಸಿ ಒಂದೆಕರೆಗೆ ಒಂದು ಸಲ ನೀರು ಕೊಟ್ಟೆವು. ಆ ಒಂದೆಕರೆಯ ಗಿಡ ಕಿತ್ತಾಗ ಕೈಗೆ ತೂಕ ಗೊತ್ತಾಗುತ್ತಿತ್ತು. ಆದರೆ ಉಳಿದ ಐದೆಕರೆ? ಅದೂ ಅಲ್ಲದೆ ಎರಡನೇ ವರ್ಷಕ್ಕೇ ಹೆಗ್ಗಣ ಶೀಟಿನ ಅಂಚು ಕಡಿದಿದೆ. ತೇಪೆ ಹಾಕಿಸಿದ ದುಡ್ಡು ನಮ್ಮದೇ.

ಇನ್ನು ಬದು. 2023ರ ಬೇಸಿಗೆಯಲ್ಲಿ, ಉದ್ಯೋಗ ಖಾತ್ರಿಯಲ್ಲೇ. ಆಗ ಕೂಲಿ ದಿನಕ್ಕೆ 316 ರೂಪಾಯಿ. ಜೆಸಿಬಿ ಬಳಸುವ ಹಾಗಿರಲಿಲ್ಲ. ನಾನು, ಹೆಂಡತಿ, ಅಣ್ಣ, ಅತ್ತಿಗೆ ನಮ್ಮ ಹೊಲದಲ್ಲೇ ಅಗೆದು ಕೂಲಿ ತಗೊಂಡೆವು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹಾಜರಿಗೆ ಅಂತ ಮೊಬೈಲ್ ಮುಂದೆ ಫೋಟೋಗೆ ನಿಲ್ಲುವುದೇ ಒಂದು ಕೆಲಸವಾಗಿತ್ತು. ದುಡ್ಡು ಖಾತೆಗೆ ಬೀಳುವುದು ತಡವಾಯಿತು, ಅದೂ ನಿಜ.

ಗಾರೆಯವರ ಮಟ್ಟದ ಪೈಪು ತಂದು, ನೀರು ತುಂಬಿ, ಇಳಿಜಾರಿಗೆ ಅಡ್ಡಲಾಗಿ ಗುರುತು ಹಾಕಿದೆವು. ಮೇಲ್ಗಡೆ ಕಾಲುವೆ ತೆಗೆದು, ಆ ಮಣ್ಣನ್ನೇ ಕೆಳಗಡೆ ಏರಿ ಹಾಕಿದ್ದು, ಅಷ್ಟೇ. ಮೊದಲ ಬದುವಿಗೆ ಕೋಡಿ ಬಿಡುವುದನ್ನೇ ಮರೆತೆವು. ಒಂದು ರಾತ್ರಿಯ ಮಳೆಗೆ ಒಡೆಯಿತು. ಆಮೇಲೆ ಎಲ್ಲಾ ಬದುವಿಗೂ ಒಂದು ತುದಿಯಲ್ಲಿ ಕಲ್ಲು ಜೋಡಿಸಿ ಕೋಡಿ ಮಾಡಿದೆವು, ಏರಿಯ ಮೇಲೆ ಹುಲ್ಲು ನೆಟ್ಟೆವು.

ಆ ವರ್ಷದ ಬರದಲ್ಲಿ ಒಂದೆರಡು ಹದ ಮಳೆ ಬಿದ್ದವು. ಆಮೇಲೆ ಒಂದು ಮಧ್ಯಾಹ್ನ ಹೊಲಕ್ಕೆ ಹೋದರೆ, ಹೊಲದ ನಡುವೆ ಶೇಂಗಾ ಎಲೆ ಮಡಚಿಕೊಂಡು ನಿಂತಿದೆ. ಬದುವಿನಿಂದ ಮೇಲಕ್ಕೆ ಹನ್ನೆರಡು ಸಾಲು ಮಾತ್ರ ಎಲೆ ಬಿಚ್ಚಿಕೊಂಡೇ ಇವೆ. ಬಗ್ಗಿ ಎಣಿಸಿದೆ, ಹನ್ನೆರಡೇ. ಮಣ್ಣು ಕೆದಕಿದರೆ ನಾಲ್ಕು ಬೆರಳು ಕೆಳಗೆ ತಂಪು.

ಮುಂದಿನ ಮಳೆಗಾಲದಲ್ಲಿ ಹಳೇ ಹೊಂಡಕ್ಕೆ ಬಂದ ನೀರು ತಿಳಿಯಾಗಿತ್ತು. ಹೂಳು ಬದುವಿನ ಕಾಲುವೆಯಲ್ಲೇ ನಿಂತಿತ್ತು. ಬೇಸಿಗೆಯಲ್ಲಿ ಅದನ್ನು ಮಂಕರಿಯಲ್ಲಿ ತುಂಬಿ ವಾಪಸ್ ಹೊಲಕ್ಕೇ ಚೆಲ್ಲಿದೆವು. ಇವತ್ತು ಯಾರಾದರೂ ಮೂರರಲ್ಲಿ ಒಂದಕ್ಕೇ ಅರ್ಜಿ ಹಾಕು ಅಂದರೆ ನಾನು ಬದುವಿಗೆ ಹಾಕುತ್ತೇನೆ. ಹೊಂಡ ಆಮೇಲೆ, ಪೈಪು ಕೊನೆಗೆ. ನಾವು ಮಾಡಿದ್ದು ಸರಿಯಾಗಿ ಉಲ್ಟಾ.

ಅಣ್ಣ ಇದನ್ನು ಇನ್ನೂ ಒಪ್ಪಿಲ್ಲ. ನೆಂಟರು ಬಂದರೆ ಕೈಗೆ ಕಾಫಿ ಲೋಟ ಕೊಟ್ಟು ಸೀದಾ ಹೊಂಡ ತೋರಿಸಲು ಕರೆದುಕೊಂಡು ಹೋಗುತ್ತಾನೆ. ಹೋಗುವುದು ಮಾತ್ರ ಬದುವಿನ ಮೇಲೇ.